ಯಾವುದನ್ನು ಮೊದಲು ಓದಲಿ? ಈಚೆಗೆ ಖುಷಿ ಕೊಟ್ಟ ಕೆಲವು ಕನ್ನಡ ಪುಸ್ತಕಗಳು, ಎದುರುಬದುರು

"ಓದೋಕೆ ಒಂದು ಒಳ್ಳೇ ಪುಸ್ತಕ ಹೇಳಿ" ಅಂತ ಕೇಳುವವರಿಗೆ ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ. ಯಾವಾಗ ಓದುತ್ತೀರಿ? ಮೆಟ್ರೋದಲ್ಲಿ ನಿಂತುಕೊಂಡಾ, ರಾತ್ರಿ ಮಕ್ಕಳು ಮಲಗಿದ ಮೇಲಾ, ದಸರಾ ರಜಕ್ಕೆ ಊರಿಗೆ ಹೋದಾಗಲಾ? ಪುಸ್ತಕ ಅರ್ಧಕ್ಕೆ ನಿಂತರೆ ಬಹಳಷ್ಟು ಸಲ ತಪ್ಪು ಪುಸ್ತಕದ್ದೂ ಅಲ್ಲ, ಓದುವವರದ್ದೂ ಅಲ್ಲ. ಹೊತ್ತು ಹೊಂದಿರುವುದಿಲ್ಲ, ಅಷ್ಟೇ. ಏಳುನೂರು ಪುಟದ ಕಾದಂಬರಿಯನ್ನು ದಿನಕ್ಕೆ ನಾಲ್ಕು ಪುಟದಂತೆ ಓದಿದರೆ ಯಾರು ಯಾರ ಮಗ ಅನ್ನುವುದೇ ಮರೆತುಹೋಗುತ್ತದೆ. ಆಮೇಲೆ "ಕುವೆಂಪು ನನಗೆ ಹಿಡಿಸಲಿಲ್ಲ" ಅನ್ನುತ್ತಾರೆ. ಪಾಪ, ಕುವೆಂಪು ಏನು ಮಾಡಬೇಕು?

ಈಚೆಗೆ ಹೊಸದಾಗಿ ಓದಿದ, ಕಪಾಟಿನಿಂದ ಮತ್ತೆ ತೆಗೆದು ಓದಿದ ಪುಸ್ತಕಗಳಲ್ಲಿ ನನಗೆ ಖುಷಿ ಕೊಟ್ಟವು ಮಾತ್ರ ಇಲ್ಲಿವೆ. ಕನ್ನಡದ ಶ್ರೇಷ್ಠ ಕೃತಿಗಳ ಪಟ್ಟಿ ಬೇಕಿದ್ದರೆ ಬೇರೆ ಕಡೆ ಬೇಕಾದಷ್ಟು ಸಿಗುತ್ತವೆ. ಖುಷಿ ಅಂದರೆ ಬರೀ ನಗುವೂ ಅಲ್ಲ, ಇಲ್ಲಿ ಹೊಟ್ಟೆ ಕಿವುಚುವ ಪುಸ್ತಕಗಳೂ ಇವೆ. ಕೆಳಗಿಡಲು ಮನಸ್ಸಾಗಲಿಲ್ಲ ಅನ್ನುವುದಷ್ಟೇ ನನ್ನ ಅಳತೆ.

ಒಂದೇ ಸಂಜೆ ಇದ್ದರೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವಷ್ಟರಲ್ಲಿ ಮುಗಿಸಬಹುದಾದ ಎರಡು ಕತೆಗಳಿವೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಮತ್ತು ದೇವನೂರ ಮಹಾದೇವರ 'ಒಡಲಾಳ'. ಎರಡೂ ಒಂದೊಂದು ಮನೆಯ ಕತೆ. ಒಂದರಲ್ಲಿ ದುಡ್ಡು ಬಂದು ಮನೆಯ ಹದ ಕೆಡುತ್ತದೆ. ಇನ್ನೊಂದರಲ್ಲಿ ಏನೂ ಇಲ್ಲದ ಮನೆ ಒಂದು ರಾತ್ರಿ ಹಬ್ಬ ಮಾಡುತ್ತದೆ.

'ಘಾಚರ್ ಘೋಚರ್' ಬೆಂಗಳೂರಿನ ಕತೆ. ಕಾಫಿ ಹೌಸಿನಲ್ಲಿ ಕೂತ ಒಬ್ಬ, ಮಾತು ಕಡಿಮೆ ಆಡುವ ವಿನ್ಸೆಂಟ್ ಎಂಬ ವೇಟರ್, ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ, ಹೆಂಡತಿ. ಮಸಾಲೆ ವ್ಯಾಪಾರದಲ್ಲಿ ಕಾಸು ಮಾಡಿದ ಚಿಕ್ಕಪ್ಪನ ಸುತ್ತ ಇಡೀ ಮನೆ ತಿರುಗುತ್ತದೆ. ಇರುವೆ ಕಾಟದ ಸಣ್ಣ ಮನೆಯಿಂದ ದೊಡ್ಡ ಮನೆಗೆ ಬಂದವರು ಇವರು. ಒಂದು ದಿನ ಬೆಳಿಗ್ಗೆ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟ ಅಂತ ಮಸೂರ್ ಬೇಳೆಯ ಅಡುಗೆ ಮಾಡಿ ಡಬ್ಬಿಯಲ್ಲಿ ತಂದಿರುತ್ತಾಳೆ. ಮನೆಯ ಹೆಂಗಸರು ಅವಳ ಮೇಲೆ ಮುಗಿಬೀಳುತ್ತಾರೆ, ಗಂಡಸರು ಸುಮ್ಮನಿರುತ್ತಾರೆ. ಆ ದೃಶ್ಯದಲ್ಲಿ ರಕ್ತ ಇಲ್ಲ, ಹೊಡೆದಾಟ ಇಲ್ಲ. ಆದರೂ ಆ ನಾಲ್ಕೈದು ಪುಟ ಓದುವಾಗ ನನಗೆ ಮೈ ಬೆವರಿತು. ಇಂಥ ಮನೆ ನಾವು ನೋಡಿಲ್ಲವೆ? ಅಂಥ ಮನೆಯಲ್ಲಿ ಕೂತು ಕಾಫಿ ಕುಡಿದು ಬಂದಿಲ್ಲವೆ?

'ಒಡಲಾಳ'ದಲ್ಲಿ ಸಾಕವ್ವ ಎಂಬ ಮುದುಕಿಯ ಹುಂಜ ಕಳೆದುಹೋಗಿರುತ್ತದೆ. ಅದನ್ನು ಹುಡುಕುತ್ತಾ ಅವಳು ಊರನ್ನೆಲ್ಲ ಬೈಯುವುದರಿಂದ ಕತೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮನೆಗೆ ಒಂದು ಮೂಟೆ ಕಡಲೆಕಾಯಿ ಬರುತ್ತದೆ, ಕದ್ದ ಮಾಲು. ಮನೆಮಂದಿಯೆಲ್ಲ ಒಲೆ ಸುತ್ತ ಕೂತು ರಾತ್ರಿಯಿಡೀ ತಿನ್ನುತ್ತಾರೆ. ಬೆಳಗಾಗುವುದರೊಳಗೆ ಎಲ್ಲ ಖಾಲಿಯಾಗಬೇಕು. ತಿನ್ನುತ್ತಾ ಮಾತು, ಜಗಳ, ನಗು, ಮತ್ತೆ ಮಾತು. ಹಸಿವಿನ ಬಗ್ಗೆ ಇಷ್ಟು ಸಂತೋಷವಾಗಿ ಬರೆದದ್ದನ್ನು ನಾನು ಬೇರೆ ಎಲ್ಲೂ ಓದಿಲ್ಲ. ಬೆಳಿಗ್ಗೆ ಪೊಲೀಸರು ಬರುತ್ತಾರೆ. ಮುಂದಿನದನ್ನು ನೀವೇ ಓದಿ.

ತೊಡಕು ಒಂದಿದೆ. 'ಒಡಲಾಳ' ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಪತ್ರಿಕೆಯ ಕನ್ನಡಕ್ಕೆ ಒಗ್ಗಿದವರಿಗೆ ಮೊದಲ ಐದಾರು ಪುಟ ಕಣ್ಣಿಗೆ ಹತ್ತುವುದಿಲ್ಲ. ಅದಕ್ಕೆ ಬಾಯಿಬಿಟ್ಟು ಗಟ್ಟಿಯಾಗಿ ಓದಿ. ಕಿವಿಗೆ ಬಿದ್ದ ಕೂಡಲೇ ಅರ್ಥವಾಗಿಬಿಡುತ್ತದೆ. ರೈಲಿನಲ್ಲಿ ಹಾಗೆ ಓದಲು ಆಗುವುದಿಲ್ಲ, ಹಾಗಾಗಿ ಪ್ರಯಾಣಕ್ಕೆ 'ಘಾಚರ್ ಘೋಚರ್', ಮನೆಗೆ 'ಒಡಲಾಳ'. ಒಂದನ್ನೇ ಆರಿಸು ಅಂದರೆ ನಾನು ಸಾಕವ್ವನ ಕಡೆ. ಶಾನಭಾಗರದು ಹಿಡಿಸಿದರೆ ಮುಂದೆ ಅವರ 'ಸಕೀನಾಳ ಮುತ್ತು' ತೆಗೆದುಕೊಳ್ಳಬಹುದು. ಮಗಳ ವಿಷಯ ತನಗೆ ಎಷ್ಟು ಗೊತ್ತಿಲ್ಲ ಅನ್ನುವುದು ಗೊತ್ತಾಗದ ಅಪ್ಪನೊಬ್ಬನ ಕಾದಂಬರಿ. ಹದಿಹರೆಯದ ಮಕ್ಕಳಿರುವವರು ಸ್ವಲ್ಪ ಗಟ್ಟಿ ಮನಸ್ಸು ಮಾಡಿಕೊಂಡು ಓದಬೇಕು.

ತೇಜಸ್ವಿಯಿಂದ ಶುರು ಮಾಡುವವರಿಗೆ

ಓದುವ ಅಭ್ಯಾಸ ತಪ್ಪಿಹೋಗಿದೆ, ಕನ್ನಡ ಪುಸ್ತಕ ಮುಟ್ಟಿ ವರ್ಷಗಳಾಗಿವೆ ಅನ್ನುವವರಿಗೆಲ್ಲ ಜನ ತೇಜಸ್ವಿ ಹೆಸರು ಹೇಳುತ್ತಾರೆ. ಸರಿಯಾಗೇ ಹೇಳುತ್ತಾರೆ. ಆದರೆ ಯಾವ ತೇಜಸ್ವಿ? 'ಕರ್ವಾಲೊ' ಮತ್ತು 'ಜುಗಾರಿ ಕ್ರಾಸ್' ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಎರಡೂ ಮಲೆನಾಡಿನ ಕತೆ, ಎರಡರಲ್ಲೂ ಕಾಡಿದೆ, ಅಷ್ಟೇ ಸಾಮ್ಯ.

'ಕರ್ವಾಲೊ'ಗೆ ಅವಸರವೇ ಇಲ್ಲ. ಮೂಡಿಗೆರೆಯಲ್ಲಿ ಜೇನುತುಪ್ಪ ಕೊಳ್ಳಲು ಹೋದ ರೈತನೊಬ್ಬನಿಗೆ ಮಂದಣ್ಣ ಸಿಗುತ್ತಾನೆ. ಊರಿನವರ ಕಣ್ಣಿಗೆ ಮಂದಣ್ಣ ಉಂಡಾಡಿ. ಜೇನು ಹಿಡಿಯುವುದು, ಕಾಡು ಅಲೆಯುವುದು, ತನಗೊಂದು ಮದುವೆ ಆಗಬೇಕು ಅಂತ ಹಂಬಲಿಸುವುದು, ಇಷ್ಟೇ ಅವನ ಬದುಕು. ಅದೇ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಗೌರವದಿಂದ ಕಾಣುತ್ತಾರೆ, ತಾವು ನೋಡದ್ದನ್ನು ಅವನು ನೋಡಿದ್ದಾನೆ ಅಂತ. ಏನು ನೋಡಿದ್ದಾನೆ? ಹಾರುವ ಓತಿ. ಅದನ್ನು ಹುಡುಕಲು ಒಂದು ವಿಚಿತ್ರ ದಂಡು ಕಾಡಿಗೆ ಹೊರಡುತ್ತದೆ. ಅದರಲ್ಲಿ ಬಿರಿಯಾನಿ ಕರಿಯಪ್ಪನೂ ಇದ್ದಾನೆ, ಕಿವಿ ಎಂಬ ನಾಯಿಯೂ ಇದೆ. ಅರ್ಧ ಪುಸ್ತಕ ಹಳ್ಳಿಯ ರಗಳೆ, ಜಮೀನಿನ ತಲೆನೋವು, ಮಂದಣ್ಣನ ಮದುವೆ ಫಜೀತಿ ಇವುಗಳಲ್ಲೇ ಹೋಗುತ್ತದೆ. ನಗುತ್ತಾ ನಗುತ್ತಾ ಓದುತ್ತಿರುವಾಗ ಯಾವಾಗ ಕೋಟ್ಯಂತರ ವರ್ಷಗಳ ಜೀವವಿಕಾಸದ ಮಾತಿಗೆ ಬಂದೆವು ಅನ್ನುವುದೇ ತಿಳಿಯುವುದಿಲ್ಲ. 1980ರಲ್ಲಿ ಬಂದ ಪುಸ್ತಕ. ಇನ್ನೂರು ಪುಟ ಕೂಡ ಇಲ್ಲ.

'ಜುಗಾರಿ ಕ್ರಾಸ್' ಹಾಗಲ್ಲ, ಅದು ಓಡುತ್ತದೆ. ಸುರೇಶ, ಗೌರಿ ಎಂಬ ಗಂಡಹೆಂಡತಿ ಏಲಕ್ಕಿ ಮಾರಿ ಮನೆಗೆ ಹೊರಟವರು ಒಂದೇ ದಿನದಲ್ಲಿ ಕಳ್ಳಸಾಗಣೆಯವರ ಜಾಲ, ರೈಲು, ಸುರಂಗ, ಹಳೇ ಹಸ್ತಪ್ರತಿಯೊಂದರಲ್ಲಿ ಅಡಗಿದ ಗುಟ್ಟು, ಎಲ್ಲಕ್ಕೂ ಸಿಕ್ಕಿಹಾಕಿಕೊಳ್ಳುತ್ತಾರೆ. ಒಟಿಟಿಯಲ್ಲಿ ಥ್ರಿಲ್ಲರ್ ಸರಣಿ ನೋಡಿ ಅಭ್ಯಾಸವಾದವರಿಗೆ ಇದು ತಕ್ಷಣ ಹಿಡಿಸುತ್ತದೆ. ಆದರೆ ಹಳೇ ಕಾವ್ಯದ ಒಗಟು ಬಿಡಿಸುವ ಕಡೆ ವೇಗ ತಗ್ಗುತ್ತದೆ. ಅಲ್ಲೇ ಪುಸ್ತಕ ಮಡಚಿಟ್ಟ ಗೆಳೆಯರು ನನಗಿದ್ದಾರೆ. ಆ ಭಾಗ ದಾಟಿ ಹೋಗಿ, ಮುಂದೆ ಮತ್ತೆ ಓಟ ಶುರುವಾಗುತ್ತದೆ.

ಅಭ್ಯಾಸ ತಪ್ಪಿದವರಿಗೆ ನನ್ನ ಓಟು 'ಕರ್ವಾಲೊ'ಗೆ. ಅದನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ಶುರು ಮಾಡಬಹುದು. 'ಜುಗಾರಿ ಕ್ರಾಸ್' ಅನ್ನು ಭಾನುವಾರ ಬೆಳಿಗ್ಗೆ ಹಿಡಿದು ಅಂದೇ ಮುಗಿಸಬೇಕು. ಮಧ್ಯೆ ಒಂದು ವಾರ ಬಿಟ್ಟರೆ ಯಾರು ಯಾರ ಕಡೆಯವರು ಅಂತ ಮತ್ತೆ ಹಿಂದಿನ ಪುಟ ತಿರುವಬೇಕಾಗುತ್ತದೆ. ಮೂರನೆಯದಾಗಿ 'ಚಿದಂಬರ ರಹಸ್ಯ' ಇಟ್ಟುಕೊಳ್ಳಿ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಅದಕ್ಕೆ. ಪತ್ತೇದಾರಿ ಕತೆಯಂತೆ ಶುರುವಾಗಿ ಊರಿನ ಜಾತಿ, ಮತದ ಜಗಳಗಳ ಕತೆಯಾಗುತ್ತದೆ. ಇವತ್ತಿನ ಪೇಪರ್ ಓದಿದಂತೆಯೇ ಇರುತ್ತದೆ, ಅದಕ್ಕೇ ಮನಸ್ಸು ಭಾರವಾಗುತ್ತದೆ.

ದಪ್ಪ ಪುಸ್ತಕದ ಆಸೆ ಇದ್ದರೆ

ರಜ ಇದೆ, ಒಂದು ದೊಡ್ಡ ಲೋಕದೊಳಗೆ ಹೊಕ್ಕು ಕೂರಬೇಕು ಅನ್ನಿಸಿದಾಗ ನನ್ನ ಮುಂದೆ ಬರುವುದು ಎರಡು. ವಸುಧೇಂದ್ರರ 'ತೇಜೋ ತುಂಗಭದ್ರಾ' ಮತ್ತು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಒಂದು 2019ರದು, ಇನ್ನೊಂದು 1967ರದು.

'ತೇಜೋ ತುಂಗಭದ್ರಾ' ಓದಿಸಿಕೊಳ್ಳುವ ಪುಸ್ತಕ. ನಾನೂರಕ್ಕೂ ಜಾಸ್ತಿ ಪುಟ ಅಂತ ಹೆದರಬೇಡಿ. ತೇಜೋ ಅಂದರೆ ಲಿಸ್ಬನ್ ನಗರದ ನದಿ. ಅಲ್ಲಿ ಗೇಬ್ರಿಯಲ್ ಎಂಬ ಬಡ ಹುಡುಗ ಯಹೂದಿ ಹುಡುಗಿ ಬೆಲ್ಲಾಳನ್ನು ಪ್ರೀತಿಸುತ್ತಾನೆ, ದುಡ್ಡು ಸಂಪಾದಿಸಲು ಹಡಗು ಹತ್ತಿ ಭಾರತಕ್ಕೆ ಹೊರಡುತ್ತಾನೆ. ಇತ್ತ ತುಂಗಭದ್ರೆಯ ದಡದ ಹಳ್ಳಿಯಲ್ಲಿ ಹಂಪಮ್ಮ, ಕೇಶವ. ವಿಜಯನಗರದ ಕಾಲ. ಎರಡು ನದಿಯ ಕತೆಗಳು ಎಲ್ಲಿ ಕೂಡುತ್ತವೆ ಅನ್ನುವ ಕುತೂಹಲವೇ ಓದುಗನನ್ನು ಎಳೆದುಕೊಂಡು ಹೋಗುತ್ತದೆ. ಲಿಸ್ಬನ್‌ನಲ್ಲಿ ಯಹೂದಿಗಳನ್ನು ಬಲವಂತವಾಗಿ ಮತಾಂತರ ಮಾಡಿದ್ದು, ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದದ್ದು, ಇವೆಲ್ಲ ನಿಜವಾಗಿ ನಡೆದವು. ನಾವು ಶಾಲೆಯಲ್ಲಿ ಇಸವಿ ಉರುಹೊಡೆದು ಮರೆತವು. ಇಲ್ಲಿ ಅವುಗಳ ನಡುವೆ ಸಿಕ್ಕಿ ನಲುಗಿದ ಸಾಮಾನ್ಯರು ಕಾಣುತ್ತಾರೆ. ತಿಂಗಳುಗಟ್ಟಲೆ ನಡೆಯುವ ಹಡಗಿನ ಪ್ರಯಾಣದ ಅಧ್ಯಾಯಗಳು ನನಗೆ ಬಹಳ ಇಷ್ಟವಾದವು.

ತಕರಾರೂ ಇದೆ. ಕ್ರೌರ್ಯದ ದೃಶ್ಯಗಳು ಒಂದರ ಮೇಲೊಂದು ಬರುತ್ತವೆ, ಕೆಲವು ಕಡೆ ಸಾಕಪ್ಪಾ ಅನ್ನಿಸುತ್ತದೆ. ಲೇಖಕರು ಕಲೆಹಾಕಿದ ಮಾಹಿತಿ ಅಲ್ಲಲ್ಲಿ ಪಾತ್ರಗಳ ಬಾಯಲ್ಲಿ ಪಾಠದಂತೆ ಬರುತ್ತದೆ. ಆದರೂ ರಾತ್ರಿ ಎರಡು ಗಂಟೆಯವರೆಗೆ ದೀಪ ಆರಿಸಲು ಬಿಡದ ಪುಸ್ತಕ ಇದು.

'ಮಲೆಗಳಲ್ಲಿ ಮದುಮಗಳು' ಅದರ ತದ್ವಿರುದ್ಧ. ಅದು ನಿಮ್ಮನ್ನು ಎಳೆಯುವುದಿಲ್ಲ, ನೀವೇ ನಡೆದು ಹೋಗಬೇಕು. ಏಳುನೂರು ಪುಟ ದಾಟುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡು. ನಾಯಿಗುತ್ತಿ ಮತ್ತು ಅವನ ಹುಲಿಯ ಎಂಬ ನಾಯಿಯ ಜೊತೆ ಕಾಡುದಾರಿಯಲ್ಲಿ ಕತೆ ಶುರು. ಗುತ್ತಿಗೆ ತಿಮ್ಮಿ ಬೇಕು. ಮುಕುಂದಯ್ಯನಿಗೆ ಚಿನ್ನಮ್ಮ ಬೇಕು. ಐತ, ಪೀಂಚಲು ಬೇರೆ ಇದ್ದಾರೆ. ಇವರ ನಡುವೆ ಹತ್ತಾರು ಮನೆ, ನೂರಾರು ಜನ. ಮೊದಲ ನೂರು ಪುಟದಲ್ಲಿ ಹೆಸರುಗಳೇ ತಲೆ ತಿನ್ನುತ್ತವೆ. ಆ ನೂರು ಪುಟ ದಾಟಿದಿರಿ ಅಂದರೆ ಮಳೆ, ಇಂಬಳ, ಒಲೆಯ ಹೊಗೆ, ಎಲ್ಲ ನಿಮ್ಮದೇ ಆಗಿಬಿಡುತ್ತದೆ. ಆ ಸೀಮೆಗೆ ಮೊದಲ ಸಲ ಸೈಕಲ್ ಬಂದಾಗ ಎದ್ದ ಗುಲ್ಲನ್ನು ಓದಿ ನಗದೇ ಇರುವವರು ಯಾರೂ ಇರಲಿಕ್ಕಿಲ್ಲ. ಕುವೆಂಪು ಅಂದರೆ ಬರೀ ಗಂಭೀರ ಅಂದುಕೊಂಡವರು ಇದನ್ನು ಓದಬೇಕು.

ನನ್ನ ಉಪಾಯ ಇಷ್ಟು. ಒಂದು ಚೀಟಿಯಲ್ಲಿ ಮನೆಗಳ ಹೆಸರು ಬರೆದು, ಅದರ ಕೆಳಗೆ ಆ ಮನೆಯವರ ಹೆಸರು ಬರೆದುಕೊಂಡು ಪುಸ್ತಕದೊಳಗೇ ಇಟ್ಟುಕೊಳ್ಳುವುದು. ರಂಗಾಯಣದವರು ಇದನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿ ಆಡಿದ್ದರು. ಅದನ್ನು ನೋಡಿದವರಿಗೆ ಮುಖಗಳು ನೆನಪಿರುವುದರಿಂದ ಓದು ಸಲೀಸು.

ಮೊದಲ ಸಲ ದಪ್ಪ ಪುಸ್ತಕ ಹಿಡಿಯುವವರು ವಸುಧೇಂದ್ರರಿಂದ ಶುರು ಮಾಡಿ. ಎರಡು ವಾರ ಬಿಡುವಿದ್ದು ಫೋನ್ ಪಕ್ಕಕ್ಕಿಡಬಲ್ಲವರು ನೇರವಾಗಿ ಮಲೆನಾಡಿಗೆ ಹೋಗಬಹುದು. ಎರಡನ್ನೂ ಓದಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಗುತ್ತಿಯೇ ಅನ್ನುವುದು ನನ್ನ ಅನುಭವ.

ಭೈರಪ್ಪನವರ ಹೆಸರು ಯಾಕೆ ಬರಲಿಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರ ಪುಸ್ತಕಗಳಲ್ಲಿ 'ಪರ್ವ'ಕ್ಕಿಂತ ಮೊದಲು 'ಗೃಹಭಂಗ' ಓದಿ ಅನ್ನುತ್ತೇನೆ ನಾನು. ನಂಜಮ್ಮನ ಗಟ್ಟಿತನ, ಊರಿಗೆ ಪ್ಲೇಗ್ ಬರುವ ಭಾಗ, ಯಾವುದೂ ಮರೆಯುವಂಥದ್ದಲ್ಲ. ಆದರೆ ರಜದ ಓದಿಗೆ ಅಂತ ಅದನ್ನು ಯಾರಿಗೂ ಹೇಳುವುದಿಲ್ಲ.

ಬಿಡಿಬಿಡಿಯಾಗಿ ಓದುವವರಿಗೆ

ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವರಿಗೆ ಕಾದಂಬರಿ ಬೇಡ, ಸಣ್ಣ ಕತೆ ಸಾಕು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬುಕರ್ ಬಂದ ಮೇಲೆ ಎಲ್ಲರೂ ಅವರ ಪುಸ್ತಕ ಹುಡುಕಿದರು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಕಥಾಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಅವರ ಕತೆಗಳಲ್ಲಿ ಹಾಸನದಂಥ ಊರಿನ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು ಮಾತಾಡುತ್ತಾರೆ, ಬೈಯುತ್ತಾರೆ, ನ್ಯಾಯ ಕೇಳುತ್ತಾರೆ. 'ಕರಿ ನಾಗರಗಳು' ಕತೆಯಲ್ಲಿ ಗಂಡ ಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕೆ ಕಾಯುತ್ತಾಳೆ. ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಸಿನಿಮಾ ಅದೇ ಕತೆಯದ್ದು. ದಿನಕ್ಕೆ ಒಂದೇ ಕತೆ ಓದಿ. ಸಾಲಾಗಿ ಮೂರು ಓದಿದರೆ ಸಿಟ್ಟು ಮತ್ತು ಸಂಕಟ ಒಂದರೊಳಗೊಂದು ಕಲಸಿಹೋಗುತ್ತವೆ.

ಜಯಂತ ಕಾಯ್ಕಿಣಿಯವರ ಕತೆಗಳು ಇದಕ್ಕೆ ಪೂರ್ತಿ ಬೇರೆ. ಅವರದು ಮುಂಬಯಿ. ಚಾಳುಗಳು, ಲೋಕಲ್ ರೈಲು, ಎಲ್ಲಿಂದಲೋ ಬಂದು ಒಬ್ಬರಿಗೊಬ್ಬರು ಆಸರೆಯಾದ ಜನ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯ ಹುಡುಗ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ. ಹಾಗಿರುವಾಗ ಮದುವೆ ಕರೆಯೋಲೆಯಲ್ಲಿ ಏನಂತ ಬರೆಸಬೇಕು? ಇಷ್ಟೇ ಕತೆ. ಓದಿ ಮುಗಿಸಿದ ಮೇಲೆ ಎದುರಿಗೆ ಸಿಕ್ಕವರ ಜೊತೆ ಸುಮ್ನೆ ಎರಡು ಮಾತಾಡೋಣ ಅನ್ನಿಸುತ್ತದೆ. ಮನಸ್ಸು ಸೋತಿರುವ ದಿನಗಳಿಗೆ ಕಾಯ್ಕಿಣಿ. ಗಟ್ಟಿಯಾಗಿರುವಾಗ ಬಾನು.

ನಗಬೇಕು ಅನ್ನಿಸಿದಾಗ

ಇಲ್ಲಿ ಮೂರು ಹೆಸರು, ಬೇಗ ಬೇಗ. ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ನವಲಗುಂದದ ಮನೆತನವೊಂದರ ಕತೆ. 1857ರ ದಂಗೆಯ ಗಲಾಟೆಯಲ್ಲಿ ಉತ್ತರದಿಂದ ಓಡಿಬಂದವರಿಂದ ಶುರುವಾಗುತ್ತದೆ. ಧಾರವಾಡ ಸೀಮೆಯ ಮಾತು ಗೊತ್ತಿದ್ದವರಿಗೆ ಪ್ರತಿ ಪುಟವೂ ರುಚಿ. ಗೊತ್ತಿಲ್ಲದ ಹಳೇ ಮೈಸೂರಿನವರಿಗೂ ಇಪ್ಪತ್ತು ಪುಟದೊಳಗೆ ಒಗ್ಗುತ್ತದೆ.

ಸಿದ್ದಲಿಂಗಯ್ಯನವರ ಆತ್ಮಕತೆ 'ಊರುಕೇರಿ' ಇನ್ನೊಂದು. ಹೊಲದಲ್ಲಿ ಎತ್ತಿನ ಜಾಗದಲ್ಲಿ ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದದ್ದನ್ನು ಹುಡುಗ ನೋಡುತ್ತಾನೆ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಇಂಥದ್ದನ್ನು ಬರೆಯುವ ಕೈಯೇ ಕೆಲವು ಪುಟ ಬಿಟ್ಟು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ. ಶ್ರೀರಾಂಪುರದ ಸ್ಮಶಾನದಲ್ಲಿ ಕೂತು ಓದಿದ ದಿನಗಳ ಭಾಗವನ್ನು ಬಸ್ಸಿನಲ್ಲಿ ಓದಬೇಡಿ, ಜನ ನಿಮ್ಮನ್ನು ನೋಡುತ್ತಾರೆ. ಮೂರನೆಯದು ತೇಜಸ್ವಿಯವರ 'ಅಣ್ಣನ ನೆನಪು'. 'ಅಣ್ಣ' ಅಂದರೆ ಅವರ ಅಪ್ಪ ಕುವೆಂಪು. ಕುವೆಂಪು ಮನೆಯಲ್ಲಿ ನಾಯಿ, ಸ್ಕೂಟರು, ಕ್ಯಾಮೆರಾ ಇಟ್ಟುಕೊಂಡು ತೇಜಸ್ವಿ ನಡೆಸಿದ ಅವಾಂತರಗಳು. ಮೇಲೆ ಹೇಳಿದ 'ಮದುಮಗಳು' ಭಾರ ಅನ್ನಿಸಿದವರು ಇದನ್ನು ಓದಿ ಮತ್ತೆ ಅಲ್ಲಿಗೆ ಹೋಗಬಹುದು. ಮೂರರಲ್ಲಿ ಒಂದು ಅಂದರೆ 'ಊರುಕೇರಿ', ಎರಡನೇ ಯೋಚನೆ ಇಲ್ಲದೆ.

ಅಪ್ಪ ಅಮ್ಮನಿಗೆ ಕೊಡಲು ಯಾವುದು ಅಂತ ಕೇಳುವವರಿಗೆ ಕಾರಂತರ 'ಬೆಟ್ಟದ ಜೀವ'. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬನನ್ನು ದೇರಣ್ಣ, ಬಟ್ಯ ಎಂಬಿಬ್ಬರು ಗೋಪಾಲಯ್ಯನ ಮನೆಗೆ ಕರೆತರುತ್ತಾರೆ. ಗೋಪಾಲಯ್ಯ, ಶಂಕರಿ ಇಬ್ಬರೇ ಇರುವ ಮನೆ. ಮಗ ಮನೆ ಬಿಟ್ಟು ಹೋಗಿದ್ದಾನೆ. ಬಂದವನಿಗೆ ಬಿಸಿನೀರು, ಊಟ, ನಿಲ್ಲದ ಮಾತು. ಮುದುಕ ಮುದುಕಿ ಒಬ್ಬರನ್ನೊಬ್ಬರು ಚುಡಾಯಿಸುವ ಮಾತಿನಡಿ ಮಗನ ಕೊರಗು ಕಾಣುತ್ತಿರುತ್ತದೆ. ಮಕ್ಕಳು ದೂರದೂರಿನಲ್ಲಿರುವ ಮನೆಗೆ ಕೊಡುವ ಮುಂಚೆ ಒಮ್ಮೆ ಯೋಚಿಸಿ. ಓದಿ ಮುಗಿಸಿದ ರಾತ್ರಿ ಫೋನ್ ಬರುವುದಂತೂ ಖಾತ್ರಿ.

ಕೊಳ್ಳುವ ಮುಂಚೆ

ತೇಜಸ್ವಿ ಪುಸ್ತಕಗಳು ಮೈಸೂರಿನ ಪುಸ್ತಕ ಪ್ರಕಾಶನದವು, 'ಘಾಚರ್ ಘೋಚರ್' ಹೆಗ್ಗೋಡಿನ ಅಕ್ಷರ ಪ್ರಕಾಶನದ್ದು, 'ತೇಜೋ ತುಂಗಭದ್ರಾ' ಛಂದ ಪುಸ್ತಕದ್ದು, 'ಹಳ್ಳ ಬಂತು ಹಳ್ಳ' ಧಾರವಾಡದ ಮನೋಹರ ಗ್ರಂಥಮಾಲೆಯದು. ಅಂಗಡಿಯಲ್ಲಿ ಕೇಳುವಾಗ ಪ್ರಕಾಶನದ ಹೆಸರನ್ನೂ ಹೇಳಿದರೆ ಬೇಗ ಹುಡುಕಿಕೊಡುತ್ತಾರೆ. ದಪ್ಪ ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ತರಿಸುವ ಬದಲು ಅಂಗಡಿಗೆ ಹೋಗಿ ಅಕ್ಷರದ ಗಾತ್ರ ನೋಡಿ ಕೊಳ್ಳಿ, ಅದರಲ್ಲೂ ನಲವತ್ತು ದಾಟಿದವರು. ವಿದೇಶದಲ್ಲಿರುವವರಿಗೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕ ಸಿಗುತ್ತವೆ.

ಮನೆಯಲ್ಲಿ ಇಂಗ್ಲಿಷ್ ಮಾತ್ರ ಓದುವ ಮಕ್ಕಳಿದ್ದರೆ ಶ್ರೀನಾಥ್ ಪೆರೂರ್ ಅನುವಾದಿಸಿದ 'ಘಾಚರ್ ಘೋಚರ್', ತೇಜಸ್ವಿನಿ ನಿರಂಜನ ಅನುವಾದಿಸಿದ ಕಾಯ್ಕಿಣಿ ಕತೆಗಳು, ದೀಪಾ ಭಾಸ್ತಿ ಅನುವಾದಿಸಿದ ಬಾನು ಕತೆಗಳು ಇವೆ, ಅವನ್ನೇ ಕೊಡಿ. 'ಕರ್ವಾಲೊ' ಮಾತ್ರ ಹಾಗೆ ಕೊಡಬೇಡಿ. ರಾತ್ರಿ ಊಟ ಆದ ಮೇಲೆ ದಿನಕ್ಕೆ ಹತ್ತು ಪುಟ ನೀವೇ ಕನ್ನಡದಲ್ಲಿ ಓದಿ ಹೇಳಿ. ಮಂದಣ್ಣನ ಮದುವೆ ಏನಾಯ್ತು ಅಂತ ಮಾರನೇ ದಿನ ಅವರೇ ಬಂದು ಕೇಳುತ್ತಾರೆ.